ಬೀಗ ತೆಗೆದ ಫೋನಿಗೆ ಬಾಯಿ ಬರಲಿಲ್ಲ

ವಿಮಾನ ನಿಲ್ದಾಣ

ಮಾರುವವನ ಮಾತನ್ನು ಕಾಗದದ ಮೇಲೆ ಬರೆಸಿಕೊಳ್ಳದೆ ನಂಬಬೇಡಿ ಎಂದು ಧಾರವಾಡದ ಕೋರ್ಟಿನ ವರಾಂಡದಲ್ಲಿ ನಿಂತು ಕಕ್ಷಿದಾರರಿಗೆ ಹೇಳುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಅಂಥ ನಾನು ಹುಬ್ಬಳ್ಳಿಯ ಮೊಬೈಲ್ ಅಂಗಡಿಯವನ ಬಾಯಿಮಾತು ನಂಬಿ ಒಂದೇ ನಮೂನೆಯ ಎರಡು ಫೋನು ಕೊಂಡು ಅಮೆರಿಕಕ್ಕೆ ಹೊರಟೆ. ಒಂದು ನನಗೆ. ಇನ್ನೊಂದು ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಸುಲಭಾಳಿಗೆ.

"ಅಕ್ಕಾರ, ಇದು ಅನ್‌ಲಾಕ್ ಫೋನ್ ಐತ್ರಿ," ಎಂದಿದ್ದ ಅಂಗಡಿಯವನು. "ಅಲ್ಲಿ ಅಮೆರಿಕಾದಾಗ ಫೋನ್ ಕಂಪನಿಯವ್ರು ತಮ್ಮ ಸಿಮ್ ಬಿಟ್ಟು ಬ್ಯಾರೆದು ನಡೀದಂಗ ಬೀಗ ಹಾಕಿ ಮಾರ್ತಾರ. ಇದಕ್ಕ ಬೀಗಾನೇ ಇಲ್ಲ. ಚಂದ್ರನ ಮ್ಯಾಲ ಟವರ್ ಇದ್ರ ಅಲ್ಲಿನೂ ಹತ್ತತೈತಿ."

ಸಿಯಾಟಲ್‌ನಲ್ಲಿ ಇಳಿದು ಸಾಮಾನು ತೆಗೆದುಕೊಂಡು, ಊರಿಗೆ ಬಂದಿದ್ದವರ ಕೈಯಲ್ಲಿ ಸುಲಭಾ ಮೊದಲೇ ಕಳಿಸಿದ್ದ ಅಲ್ಲಿಯ ಸಿಮ್ಮನ್ನು ಹಾಕಿದೆ. ಕೂಡಲೇ ಇಂಟರ್ನೆಟ್ ಬಂತು. ಹುಬ್ಬಳ್ಳಿಯ ಲೇಡೀಸ್ ಕ್ಲಬ್ಬಿನವರು ಕಳಿಸಿದ ಶುಭೋದಯಗಳು, ಗುಲಾಬಿ ಹೂಗಳು ಸಾಲಾಗಿ ಬಂದು ಬಿದ್ದವು. ಅಂಗಡಿಯವನಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿ ಸುಲಭಾಳಿಗೆ ಕಾಲ್ ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ. ಪರದೆಯ ಮೇಲೆ ನಂಬರು ಮೂಡಿ, ಒಂದು ಗಳಿಗೆ ಯೋಚಿಸಿ, ಸದ್ದಿಲ್ಲದೆ ಮಾಯವಾಯಿತು. ಮೆಸೇಜಿನ ಆ್ಯಪ್‌ನಿಂದಲೂ ಕಾಲ್ ಮಾಡಬಹುದು ಎಂಬುದು ಆ ಪ್ರವಾಸದಲ್ಲಿ ನನಗೆ ಹೊಳೆಯಲೇ ಇಲ್ಲ.

ಅಲ್ಲಿ ಕರೆದೊಯ್ಯಲು ಬಂದವರು ಕಾರು ನಿಲ್ಲಿಸಿ ಕಾಯುವಂತಿಲ್ಲ. ಹಳದಿ ಜಾಕೀಟು ತೊಟ್ಟವನೊಬ್ಬ ಸೀಟಿ ಊದಿ ಎಲ್ಲರನ್ನೂ ಮುಂದೆ ಸಾಗಹಾಕುತ್ತಾನೆ. ಹಾಗಾಗಿ ಸುಲಭಾ ಸುತ್ತು ಹೊಡೆಯುತ್ತಿದ್ದಳು. ಕಾರು ಓಡಿಸುವಾಗ ಮೆಸೇಜು ಓದಿದರೆ ಅಲ್ಲಿ ದಂಡ, ಹಾಗಾಗಿ ನಾನು ಕಳಿಸಿದ ಮೆಸೇಜನ್ನು ಅವಳು ಓದಲಿಲ್ಲ. ಅವಳು ಮಾಡಿದ ಕಾಲು ನನಗೆ ಬರಲಿಲ್ಲ. ಅವಳ ಬಿಳಿ ಕಾರು ನನ್ನ ಕಣ್ಣೆದುರೇ ಹಾದು ಹೋಗುವುದು, ನಾನು ಕೈ ಬೀಸುವುದು, ಪಕ್ಕದಲ್ಲಿ ನಿಂತ ಅಮೆರಿಕದ ಅಜ್ಜಿ ತನಗೇ ಕೈ ಬೀಸಿದಳೆಂದು ತಿಳಿದು ನನಗೆ ಕೈ ಬೀಸುವುದು, ಹೀಗೆ ನಡೆಯಿತು. ಕೊನೆಗೆ ನಾನು ರಸ್ತೆಗೇ ಇಳಿದೆ. ಹಳದಿ ಜಾಕೀಟಿನವನು ಊದಿದ ಸೀಟಿಗೆ ಸುಲಭಾ ಬೆಚ್ಚಿ ತಿರುಗಿ ನೋಡಿದಳು. ಅಷ್ಟು ದೊಡ್ಡ ತಂತ್ರಜ್ಞಾನದ ಊರಿನಲ್ಲಿ ನಮ್ಮಿಬ್ಬರನ್ನು ಕೂಡಿಸಿದ್ದು ಒಂದು ಪೀಪಿ.

"ಎಷ್ಟು ಸಲ ಕಾಲ್ ಮಾಡಿದೆ ಇಂದಕ್ಕ, ಯಾಕ ಎತ್ತಲಿಲ್ಲ?" ಎಂದಳು.

"ರಿಂಗೇ ಆಗಲಿಲ್ಲವ್ವ," ಎಂದೆ.

ವಾಯಿದೆ ಕೇಳುವ ವಕೀಲರನ್ನು ನ್ಯಾಯಾಧೀಶರು ನೋಡುವ ಹಾಗೆ ನನ್ನನ್ನು ನೋಡಿದಳು.

ನಾರ್ತ್ ಕ್ರೀಕ್

ಸುಲಭಾಳ ಮನೆ ಇರುವ ಭಾಗಕ್ಕೆ ನಾರ್ತ್ ಕ್ರೀಕ್ ಎನ್ನುತ್ತಾರೆ. ಹೆಸರಿಗೆ ತಕ್ಕ ಹಳ್ಳವೊಂದು ಆಫೀಸು ಕಟ್ಟಡಗಳ ನಡುವೆ ಅನುಮತಿ ಪಡೆದು ಹರಿಯುವಂತೆ ಹರಿಯುತ್ತದೆ. ಬಾತುಕೋಳಿಗಳು ರಸ್ತೆ ದಾಟಿದರೆ ಕಾರುಗಳು ಸಾಲಾಗಿ ನಿಲ್ಲುತ್ತವೆ. ನಮ್ಮೂರಿನ ಎಮ್ಮೆಗಳಿಗೂ ಇದೇ ಹಕ್ಕು ಇದೆ. ಆದರೆ ಅವುಗಳಿಗೆ ಹಾರ್ನಿನ ಬೈಗುಳ ತಪ್ಪಿದ್ದಲ್ಲ.

ದಾರಿಯಲ್ಲೇ ಸುಲಭಾ ಕಾರಿನ ಸ್ಪೀಕರಿನಿಂದ ಪ್ರಸನ್ನ ಎಂಬವರಿಗೆ ಕಾಲ್ ಮಾಡಿ ನನ್ನ ಸಿಮ್ಮಿನ ದೂರು ಹೇಳಿದ್ದಳು.

"ಅದು ನಮ್ಮ ಅತ್ತೆ ಲೈನು ಮೇಡಂ," ಎಂದಿತು ಮೈಸೂರಿನ ನಯವಾದ ದನಿ. "ಅವ್ರು ಊರಿಗೆ ಹೋದ್ಮೇಲೆ ನಿಲ್ಸಿದ್ದೆ. ಮತ್ತೆ ಶುರು ಆಗೋಕೆ ಸ್ವಲ್ಪ ಟೈಮ್ ತಗೊಳ್ಳತ್ತೆ. ಏನೂ ತಲೆ ಕೆಡಿಸ್ಕೋಬೇಡಿ, ಫ್ಯಾಮಿಲಿ ಅಂದ್ಮೇಲೆ ಇದೆಲ್ಲ ಇದ್ದಿದ್ದೇ."

ಯಾರ ಫ್ಯಾಮಿಲಿ ಎಂದು ಕೇಳಿದೆ. ಅಮೆರಿಕ ನನಗೆ ತೋರಿಸಿದ ದೊಡ್ಡ ಅದ್ಭುತ ಆಗ ತಿಳಿಯಿತು. ಅಲ್ಲಿ ಒಬ್ಬರೇ ಫೋನಿನ ಸಂಪರ್ಕ ಪಡೆದರೆ ದುಬಾರಿ, ಕುಟುಂಬವಾಗಿ ಪಡೆದರೆ ಅಗ್ಗ. ಇದನ್ನು ಫ್ಯಾಮಿಲಿ ಪ್ಲಾನ್ ಎನ್ನುತ್ತಾರೆ. ಕುಟುಂಬ ಎಂದರೆ ಯಾರು ಎಂದು ಕಂಪನಿಯವರು ಕೇಳುವುದಿಲ್ಲ. ಹಾಗಾಗಿ ನಮ್ಮವರು ಆಫೀಸಿನಲ್ಲಿ, ಬಸ್ಸಿನಲ್ಲಿ, ಸತ್ಯನಾರಾಯಣ ಪೂಜೆಯಲ್ಲಿ ಸಿಕ್ಕವರನ್ನೆಲ್ಲ ಸೇರಿಸಿ ಕುಟುಂಬ ಕಟ್ಟಿಕೊಳ್ಳುತ್ತಾರೆ. ಈ ಕುಟುಂಬದ ಯಜಮಾನ ಅಲ್ಲೇ ಹತ್ತಿರದ ಟೋಟೆಮ್ ಲೇಕಿನ ಪ್ರಸನ್ನ. ಸದಸ್ಯರು ಅವರು, ಅವರ ಹೆಂಡತಿ, ಸುಲಭಾ, ಸುಲಭಾಳ ತಮ್ಮ ಗಿರೀಶ, ಮತ್ತು ಎಂದೋ ಟೆಕ್ಸಾಸಿಗೆ ಹೋದ, ಈಗ ಯಾರಿಗೂ ಮುಖ ನೆನಪಿಲ್ಲದ ಒಬ್ಬ ತೆಲುಗಿನವನು. ಈಗ ಅತ್ತೆಯ ಸ್ಥಾನದಲ್ಲಿ ನಾನು.

ನಾನು ನಡೆಸುವುದೆಲ್ಲ ಹೆಚ್ಚಾಗಿ ವಾಟ್ನಿಯ ದಾವೆಗಳು, ಎಂದರೆ ಆಸ್ತಿ ಭಾಗದ ಕೇಸುಗಳು. ಅವಿಭಕ್ತ ಕುಟುಂಬ ಒಡೆಯುವುದನ್ನು ನೋಡಿ ನೋಡಿ, ಅಂಥದ್ದೊಂದು ಭೂಮಿಯ ಮೇಲೆ ಉಳಿದಿಲ್ಲವೆಂದೇ ತಿಳಿದಿದ್ದೆ. ಉಳಿದಿದೆ. ಅಮೆರಿಕದಲ್ಲಿ, ಫೋನಿನ ಬಿಲ್ಲಿನೊಳಗೆ ಉಳಿದಿದೆ.

ಅದರಲ್ಲಿ ಗಿರೀಶ ಇದ್ದಾನೆ ಎಂದು ಕೇಳಿ ನಾನು ಸೀಟಿನಲ್ಲಿ ನೆಟ್ಟಗೆ ಕುಳಿತೆ. ಏಕೆಂದರೆ ಅಕ್ಕ ತಮ್ಮ ಇಬ್ಬರೂ ಮಾತು ಬಿಟ್ಟಿದ್ದರು. ನನ್ನ ಚಿಕ್ಕಮ್ಮ ತೀರಿಕೊಳ್ಳುವ ಮುಂಚೆ ನವನಗರದ ಪ್ಲಾಟನ್ನು ಮೃತ್ಯುಪತ್ರದಲ್ಲಿ ಮಗಳ ಹೆಸರಿಗೆ ಬರೆದಿದ್ದಳು. ಗಿರೀಶ ಅರ್ಧ ಪಾಲು ಕೇಳಿ ದಾವೆ ಹೂಡಿದ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುವ ಗಾದೆಯಲ್ಲಿ ಅಕ್ಕಂದಿರ ಹೆಸರು ಬಿಟ್ಟುಹೋಗಿದೆ ಅಷ್ಟೆ. ಇಬ್ಬರೂ ನನ್ನನ್ನೇ ವಕೀಲಳಾಗು ಎಂದು ಕೇಳಿದ್ದರು, ಇಬ್ಬರಿಗೂ ಆಗುವುದಿಲ್ಲ ಎಂದಿದ್ದೆ. ಆದರೆ ದಾವೆಯ ಪ್ರತಿ ಓದಿದ್ದೆ. ಅದರಲ್ಲಿ ಒಂದು ಸಾಲಿತ್ತು: ಮೃತ್ಯುಪತ್ರ ಬರೆಯುವ ಕಾಲಕ್ಕೆ ತಾಯಿಯ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ.

ಸುಲಭಾಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಕುಳಿತದ್ದು ಆ ಸಾಲು.

"ಪ್ಲಾಟ್ ಬೇಕಾದ್ರ ಅಂವ ಇಡೀದ ತೊಗೊಳ್ಲಿ ಇಂದಕ್ಕ," ಎಂದಳು ಅಂದು ಸಂಜೆ ಚಹಾ ಸೋಸುತ್ತ. "ಅವ್ವಗ ಹುಚ್ಚಿ ಅಂದಾನಲ್ಲ, ಅದನ್ನ ಹಿಂದ ತೊಗೊಳ್ಲಿ. ಮುಂದಿನ ತಾರೀಖಿಗೆ ಸಾಕ್ಷಿ ಶುರು ಆಗ್ತದ. ನನ್ನ ಕಟಕಟ್ಯಾಗ ನಿಲ್ಲಿಸಿ ಏನೇನ್ ಕೇಳ್ತಾರ ಅಂತ ನಿನಗ ಗೊತ್ತದ."

ಗೊತ್ತಿತ್ತು. ನಿಮ್ಮ ತಾಯಿ ಹೆಸರು ಮರೆಯುತ್ತಿದ್ದರೇ, ಬಟ್ಟೆಯ ಮೇಲೆ ಎಚ್ಚರ ಇತ್ತೇ, ತನ್ನಷ್ಟಕ್ಕೇ ನಗುತ್ತಿದ್ದರೇ ಎಂದು ಕೇಳುತ್ತಾರೆ. ನಾನೇ ಎಷ್ಟೋ ಮಂದಿಯನ್ನು ಹಾಗೆ ಕೇಳಿದ್ದೇನೆ, ಆಗ ನನಗೆ ಏನೂ ಅನ್ನಿಸಿರಲಿಲ್ಲ. ಈ ಸಲ ಕೇಳುವುದು ನಮ್ಮ ಚಿಕ್ಕಮ್ಮನ ಬಗ್ಗೆ.

"ಇದನ್ನ ಅವಗ ಹೇಳೀಯೇನು?"

"ನಾ ಯಾಕ ಹೇಳ್ಲಿ? ತಪ್ಪು ಮಾಡಿದಾಂವ ಅಂವ. ಮೊದಲ ಅಂವ ಫೋನ್ ಮಾಡ್ಲಿ."

ಮೆಸೇಜು ಕಳಿಸುವ ಆ್ಯಪ್‌ನಲ್ಲಿ ಅವನನ್ನು ಬ್ಲಾಕ್ ಮಾಡಿದ್ದಳು. ತೆರೆದಿದ್ದ ದಾರಿ ಒಂದೇ, ಸಾದಾ ಕಾಲು. ಆಸ್ತಿ ಒಡೆದರೂ, ಮಾತು ಮುರಿದರೂ, ಫ್ಯಾಮಿಲಿ ಪ್ಲಾನಿನಿಂದ ಮಾತ್ರ ಇಬ್ಬರೂ ಹೊರಬಿದ್ದಿರಲಿಲ್ಲ. ಯಾಕೆ ಎಂದು ಕೇಳಿದರೆ ಸುಲಭಾ, "ಬಿಟ್ರ ಪ್ರಸನ್ನ ಬೇಜಾರ್ ಮಾಡ್ಕೋತಾರ," ಎಂದಳು. ಒಡಹುಟ್ಟಿದವನ ಬೇಜಾರಿಗಿಲ್ಲದ ಬೆಲೆ ಬಿಲ್ಲು ಕಟ್ಟುವವರ ಬೇಜಾರಿಗೆ ಇತ್ತು.

ನಾನು ಕೊಟ್ಟ ಫೋನು ಅವಳಿಗೆ ಬಹಳ ಹಿಡಿಸಿತು. ಮೂಲೆ ಒಡೆದ ಹಳೆಯ ಫೋನಿನಿಂದ ಸಿಮ್ಮು ತೆಗೆದು ಅದಕ್ಕೆ ಹಾಕಿಕೊಂಡಳು. ಮೆಸೇಜು, ಫೋಟೊ, ವಿಡಿಯೊ ಎಲ್ಲ ಸರಾಗ. ಕೆಲವು ದಿನಗಳ ನಂತರ, "ಇಂದಕ್ಕ, ನಿನ್ನ ಫೋನ್ ಬಾಳ ಲಕ್ಕಿ. ಹಳೇದಕ್ಕ ದಿನಾ ಇನ್ಶೂರೆನ್ಸಿನವ್ರು, ಸಾಲದವ್ರು ಕಾಲ್ ಮಾಡಿ ತಲಿ ತಿಂತಿದ್ರು. ಇದಕ್ಕ ಒಬ್ಬರೂ ಮಾಡೂದಿಲ್ಲ," ಎಂದು ಹೊಗಳಿದಳು. ನಾನೂ ಹಿಗ್ಗಿ ಹೀರೇಕಾಯಿಯಾದೆ. ಇಬ್ಬರು ಓದಿದ ಹೆಂಗಸರಲ್ಲಿ ಒಬ್ಬಳಿಗೂ ಅನುಮಾನ ಬರಲಿಲ್ಲ. ನನ್ನ ಫೋನು ಮೂಕವಾಗಿದ್ದರೆ ಅದು ಪ್ರಸನ್ನರ ಅತ್ತೆಯ ಲೈನಿನ ದೋಷ ಎಂದು ತೀರ್ಮಾನವಾಗಿಹೋಗಿತ್ತು. ಅತ್ತೆಯ ಮೇಲೆ ಹಾಕಿದ ತಪ್ಪನ್ನು ನಮ್ಮಲ್ಲಿ ಯಾರೂ ಮರುಪರಿಶೀಲನೆ ಮಾಡುವುದಿಲ್ಲ.

ಸುಲಭಾಳ ಮಗಳು ತನ್ವಿಗೆ ಈ ಕಾಲುಗಳ ಗಲಾಟೆಯೇ ಅರ್ಥವಾಗಲಿಲ್ಲ. "ಪೀಪಲ್ ಡೋಂಟ್ ಕಾಲ್, ದೊಡ್ಡಮ್ಮ," ಎಂದಳು. "ಇಟ್ಸ್ ಕೈಂಡ್ ಆಫ್ ರೂಡ್." ಕೇಳದೆ ಕಾಲ್ ಮಾಡುವುದು ಅಲ್ಲಿ ಕೇಳದೆ ಅಡುಗೆಮನೆಗೆ ನುಗ್ಗಿದ ಹಾಗೆ. ಮೊದಲು ಮೆಸೇಜು ಹಾಕಿ ಕಾಲ್ ಮಾಡಲೇ ಎಂದು ಕೇಳಬೇಕು. ನಮ್ಮಲ್ಲಿ ಸ್ನಾನಕ್ಕೆ ಕೂತವರೂ ಎದ್ದು ಬಂದು ಫೋನು ಎತ್ತುತ್ತಾರೆ.

ಮಾತು ಹೊರಳಿ ಚಿಕ್ಕಮ್ಮನ ಮಿಸ್ಡ್ ಕಾಲಿನ ಲೆಕ್ಕಕ್ಕೆ ಬಂತು. ಅವಳ ಮನೆಯಲ್ಲಿ ಅದೊಂದು ಶಾಸ್ತ್ರವೇ ಆಗಿತ್ತು. ಒಂದು ರಿಂಗಾಗಿ ಕಟ್ಟಾದರೆ 'ಸುರಕ್ಷಿತ ಮುಟ್ಟಿದೆ'. ಎರಡು ರಿಂಗಾಗಿ ಕಟ್ಟಾದರೆ 'ನೀನೇ ತಿರುಗಿ ಮಾಡು, ಮಾತಾಡುವುದಿದೆ'. ಮಕ್ಕಳಿಬ್ಬರೂ ಅಮೆರಿಕ ಸೇರಿದ ಮೇಲೂ ಚಿಕ್ಕಮ್ಮ ಇದನ್ನು ಬಿಡಲಿಲ್ಲ. ಕೊನೆಯ ದಿನಗಳವರೆಗೂ ಅವಳು ಒಂದು ರಿಂಗಿನ ಜಾಗದಲ್ಲಿ ಎರಡು ಕೊಟ್ಟವಳಲ್ಲ. ಇದನ್ನು ಹೇಳುತ್ತ ಸುಲಭಾ ನಕ್ಕಳು.

ಬೆಲ್ವ್ಯೂ

ಗಿರೀಶನನ್ನು ನೋಡದೆ ಬರುವಂತಿರಲಿಲ್ಲ. ಅವನೂ ಚಿಕ್ಕಮ್ಮನ ಮಗನೇ. ಸುಲಭಾಳಿಗೆ ಹೇಳಿಯೇ ಬಸ್ಸು ಹತ್ತಿದೆ. ಅವಳು, "ಹೋಗು, ನನಗೇನು," ಎಂದವಳು ನಿಪ್ಪಟ್ಟಿನ ಡಬ್ಬಿಯೊಂದನ್ನು ಮೇಜಿನ ಮೇಲೆ ನನ್ನ ಚೀಲಕ್ಕೆ ಒರಗಿಸಿ ಇಟ್ಟಳು, ಯಾರಿಗೆ ಎಂದು ಹೇಳದೆ. ಬಸ್ಸಿನಲ್ಲಿ ಎಲ್ಲರೂ ಇಳಿಯುವಾಗ ಡ್ರೈವರಿಗೆ ಧನ್ಯವಾದ ಹೇಳುತ್ತಾರೆ. ನಮ್ಮ ಬಸ್ಸಿನಲ್ಲಿ ಚಿಲ್ಲರೆ ಮರಳಿ ಬಂದರೆ ಮಾತ್ರ ಆ ಭಾವನೆ ಹುಟ್ಟುತ್ತದೆ.

ಬೆಲ್ವ್ಯೂ ಎಂದರೆ ಗಾಜಿನ ಗೋಪುರಗಳು. ಗಿರೀಶನ ಅಪಾರ್ಟ್‌ಮೆಂಟೂ ಅಂಥದ್ದೇ. "ಬಾಗಿಲಿಗೆ ಬಂದು ಒಂದು ಕಾಲ್ ಮಾಡಕ್ಕ, ಇಳಿದು ಬರ್ತೀನಿ," ಎಂದು ಮೆಸೇಜು ಹಾಕಿದ್ದ. ಬಾಗಿಲ ಮುಂದೆ ನಿಂತು ಮೂಕ ಫೋನನ್ನು ತಿರುವಿ ಮುರುವಿ ನೋಡಿದೆ. ಮೆಸೇಜು ಹಾಕಿದೆ. ಅವನು ಮನೆಯಿಂದಲೇ ಮೀಟಿಂಗಿನಲ್ಲಿದ್ದ, ನೋಡಲಿಲ್ಲ. ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಮನೆಯ ನಂಬರು ಒತ್ತಬಹುದು ಎಂಬುದು ನನಗೆ ಗೊತ್ತಿರಲಿಲ್ಲ.

ನಾಯಿಯನ್ನು ಸುತ್ತಾಡಿಸುತ್ತಿದ್ದ ಒಬ್ಬ ಹೆಂಗಸು ಬಹಳ ಪ್ರೀತಿಯಿಂದ ನನ್ನ ಚೀಲವನ್ನು, ಸೀರೆಯನ್ನು ಹೊಗಳಿದಳು. ಬಾಗಿಲು ಮಾತ್ರ ತೆರೆಯಲಿಲ್ಲ, ಅಪರಿಚಿತರನ್ನು ಒಳಗೆ ಬಿಡುವುದು ನಿಯಮಕ್ಕೆ ವಿರುದ್ಧ ಎಂದಳು. ಆದರೆ ತನ್ನ ಫೋನು ಕೊಟ್ಟಳು. ಅದರಿಂದ ಗಿರೀಶನಿಗೆ ಕಾಲ್ ಮಾಡಿದೆ. ಎತ್ತಲಿಲ್ಲ. ಗೊತ್ತಿಲ್ಲದ ನಂಬರಿನ ಕಾಲನ್ನು ಆ ದೇಶದಲ್ಲಿ ಯಾರೂ ಎತ್ತುವುದಿಲ್ಲವಂತೆ. ಗೊತ್ತಿರುವವರು ಕಾಲ್ ಮಾಡುವುದಿಲ್ಲ, ಗೊತ್ತಿಲ್ಲದವರದ್ದು ಎತ್ತುವುದಿಲ್ಲ. ಹಾಗಿದ್ದ ಮೇಲೆ ಅಷ್ಟೊಂದು ಟವರುಗಳನ್ನು ಯಾತಕ್ಕೆ ನಿಲ್ಲಿಸಿದ್ದಾರೋ ತಿಳಿಯದು.

ಕೊನೆಗೆ ಗಿರೀಶ ಕಸದ ಚೀಲ ಹಿಡಿದು ತಾನಾಗಿಯೇ ಕೆಳಗಿಳಿದು ಬಂದ. ಗಾಜಿನಾಚೆ ನನ್ನನ್ನು ನೋಡಿ, ಕಸ ಕೈಯಲ್ಲಿ ಹಿಡಿದೇ ಕಾಲು ಮುಟ್ಟಲು ಬಗ್ಗಿದ.

ಒಬ್ಬನೇ ಇರುತ್ತಾನೆ. ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟ, ಶೇಂಗಾ ಸೀದಿತ್ತು. ನಿಪ್ಪಟ್ಟಿನ ಡಬ್ಬಿ ತೆರೆದು ಒಂದನ್ನು ಮುರಿದು ಬಾಯಿಗಿಟ್ಟವನೇ ಯಾರು ಮಾಡಿದ್ದು ಎಂದು ಕೇಳದೆ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ. ನಾನು ನೇರವಾಗಿ ವಿಷಯಕ್ಕೆ ಬಂದೆ.

"ಗಿರಿ, ಆ ಸಾಲು ಬರೀಬಾರದಿತ್ತು."

ಅವನು ಡಬ್ಬಿಗೆ ಮುಚ್ಚಳ ಹಾಕಿದ. ಆಮೇಲೆ, "ನಾ ಮಾಡೂದು ನಾ ಮಾಡೀನಿ ಇಂದಕ್ಕ. ದಿನಾ ಮಾಡ್ಲಿಕತ್ತೀನಿ. ಇನ್ನ ಅಕಿಗೆ ಬಿಟ್ಟದ್ದು," ಎಂದ.

ಕೇಸನ್ನು ನಡೆಸುವುದರ ಬಗ್ಗೆ ಹೇಳುತ್ತಿದ್ದಾನೆ ಎಂದುಕೊಂಡೆ. ಎಂಥ ಹಟಮಾರಿ ಎಂದು ಸಿಟ್ಟು ಬಂತು. ಅವಲಕ್ಕಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಬಾಗಿಲವರೆಗೂ ಬಂದ. "ಅಕಿ ಆರಾಮ ಇದ್ದಾಳಲ್ಲ?" ಎಂದು ಕೇಳಿದ. ಇದ್ದಾಳೆ ಎಂದೆ. "ಮತ್ಯಾಕ..." ಎಂದವನು ಮಾತು ನುಂಗಿಕೊಂಡ.

ಟೋಟೆಮ್ ಲೇಕ್

ಅಷ್ಟರಲ್ಲಿ ಯಜಮಾನ ಪ್ರಸನ್ನರ ಫರ್ಮಾನು ಹೊರಟಿತು. ಇಡೀ ಕುಟುಂಬ ಬೇರೆ ಫೋನ್ ಕಂಪನಿಗೆ ಹೋಗಬೇಕು. ಹಳೆಯ ಫೋನು ಒಪ್ಪಿಸಿದವರಿಗೆ ಹೊಸ ಫೋನು ಪುಕ್ಕಟೆ. ಎಲ್ಲರೂ ಶನಿವಾರ ತಮ್ಮ ತಮ್ಮ ಫೋನು ಹಿಡಿದು ಟೋಟೆಮ್ ಲೇಕಿನ ಅಂಗಡಿಗೆ ಬರಬೇಕು. ಪುಕ್ಕಟೆ ಎಂಬ ಶಬ್ದಕ್ಕಿರುವ ಶಕ್ತಿ ಸಮನ್ಸಿಗೂ ಇಲ್ಲ, ವಾರಂಟಿಗೂ ಇಲ್ಲ. ರಾಜಿ ಪಂಚಾಯ್ತಿಗೆ ಬಾ ಎಂದು ಹಿರಿಯರು ಎಷ್ಟು ಕರೆದರೂ ಬಾರದ ಅಕ್ಕ ತಮ್ಮ ಇಬ್ಬರೂ ಹೇಳಿದ ಹೊತ್ತಿಗಿಂತ ಮುಂಚೆ ಬಂದು ನಿಂತಿದ್ದರು, ಅಂಗಡಿಯ ಎರಡು ಮೂಲೆಗಳಲ್ಲಿ.

ಪ್ರಸನ್ನರನ್ನು ಆಗಲೇ ಮೊದಲು ನೋಡಿದ್ದು. ಎಲ್ಲರಿಗೂ ತಲಾ ಒಂದು ನೀರಿನ ಬಾಟಲಿ ತಂದಿದ್ದರು. "ಬನ್ನಿ ಮೇಡಂ, ನೀವೀಗ ನಮ್ಮ ಅತ್ತೆ," ಎಂದು ನಕ್ಕರು. ಟೆಕ್ಸಾಸಿನ ತೆಲುಗಿನವನು ವಿಡಿಯೊದಲ್ಲಿ ಹಾಜರಾದ. ಅಂಗಡಿಯ ಹುಡುಗಿ, ನಗುಮುಖದ ಎತ್ತರದವಳು, ನಮ್ಮನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡಿ, ನೀವೆಲ್ಲ ಒಂದೇ ಕುಟುಂಬವೇ ಎಂದು ಕೇಳಿದಳು.

"ಯೆಸ್," ಎಂದರು ಎಲ್ಲರೂ ಒಟ್ಟಿಗೆ. ಎಲ್ಲರಿಗಿಂತ ಗಟ್ಟಿಯಾಗಿ ಅಂದವರು ಸುಲಭಾ ಮತ್ತು ಗಿರೀಶ. ಇದೇ ಪ್ರಶ್ನೆಗೆ ಉತ್ತರ ಪಡೆಯಲು ಧಾರವಾಡದಲ್ಲಿ ಒಂದು ಕೋರ್ಟು ತಾರೀಖಿನ ಮೇಲೆ ತಾರೀಖು ಕೊಡುತ್ತ ಕೂತಿತ್ತು.

ಹುಡುಗಿ ಒಬ್ಬೊಬ್ಬರ ಫೋನಿನ ಗುರುತಿನ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿ ನೋಡತೊಡಗಿದಳು. ಸುಲಭಾ ಮೂಲೆ ಒಡೆದ ಹಳೆಯ ಫೋನನ್ನು ಒಪ್ಪಿಸಿ, ಪುಕ್ಕಟೆಯದನ್ನು ಮಗಳಿಗೆ ಕೊಟ್ಟು, ತಾನು ನನ್ನ ಉಡುಗೊರೆಯನ್ನೇ ಇಟ್ಟುಕೊಳ್ಳುವುದೆಂದು ಲೆಕ್ಕ ಹಾಕಿದ್ದಳು. ಉಡುಗೊರೆಯ ಸರದಿ ಬಂದಾಗ ಹುಡುಗಿಯ ನಗು ಸ್ವಲ್ಪ ಸಣ್ಣದಾಯಿತು. ಇದು ನಡೆಯುವುದಿಲ್ಲ ಎಂದಳು.

ನನ್ನೊಳಗಿನ ವಕೀಲಳು ಎದ್ದು ನಿಂತಳು. ಇದು ಅನ್‌ಲಾಕ್ ಫೋನು ಎಂದು ವಾದಿಸಿದೆ. ಹೌದು, ಬೀಗವಿಲ್ಲ, ಎಂದಳು ಅವಳು. ಆದರೆ ಬೀಗವಿಲ್ಲದಿದ್ದರೆ ಸಾಲದು. ಈಗ ಇಲ್ಲಿ ಕಾಲುಗಳೂ ಇಂಟರ್ನೆಟ್ಟಿನ ದಾರಿಯಲ್ಲೇ ಹೋಗುತ್ತವೆ, ಹಳೆಯ ದಾರಿ ಮುಚ್ಚಿದೆ. ಹೊಸ ದಾರಿಯಲ್ಲಿ ಯಾವ ಯಾವ ಫೋನು ಮಾತಾಡಬಹುದು ಎಂದು ಪ್ರತಿ ಕಂಪನಿಯೂ ತಾನೇ ಆರಿಸಿಟ್ಟಿರುತ್ತದೆ. ನಿಮ್ಮ ಫೋನು ಅದರಲ್ಲಿ ಇಲ್ಲ. ಮೆಸೇಜು ಬರುತ್ತದೆ, ಇಂಟರ್ನೆಟ್ ಬರುತ್ತದೆ, ಕಾಲು ಬರುವುದಿಲ್ಲ, ಮಾಡಿದವರಿಗೆ ಮಾತ್ರ ರಿಂಗು ಕೇಳಿಸುತ್ತದೆ.

ನನಗೆ ಚೆನ್ನಾಗಿ ಅರ್ಥವಾಯಿತು. ಅಂಗಳಕ್ಕೆ ಬರಬಹುದು, ಪಂಕ್ತಿಯಲ್ಲಿ ಕೂರುವಂತಿಲ್ಲ. ಇಂಥ ಮಡಿಯನ್ನು ನೋಡಲು ಸಮುದ್ರ ದಾಟಬೇಕಿರಲಿಲ್ಲ.

"ನಿಮ್ಮ ಈಗಿನ ಕಂಪನಿಯಲ್ಲೂ ಇದೇ ಕತೆ," ಎಂದು ಹುಡುಗಿ ಇನ್ನೊಮ್ಮೆ ಪರದೆ ನೋಡಿ ಇಂಗ್ಲಿಷಿನಲ್ಲಿ ಹೇಳಿದಳು. "ಈ ಫೋನಿಗೆ ಸಿಮ್ಮು ಹಾಕಿದಂದಿನಿಂದ ನಿಮಗೆ ಒಂದೂ ಕಾಲು ಬಂದಿರಲಿಕ್ಕಿಲ್ಲ, ಅಲ್ಲವೇ?"

ಪ್ರಸನ್ನರು ಮೆಲ್ಲಗೆ, "ಹಾಗಾದ್ರೆ ನಮ್ಮ ಅತ್ತೆ ಲೈನ್ ಸರಿಯಾಗೇ ಇತ್ತು," ಎಂದರು.

ಆ ಮೂಲೆಯಿಂದ ಗಿರೀಶ ಈ ಮೂಲೆಗೆ ಬಂದ. ಅಕ್ಕನ ಮುಖ ನೋಡದೆ ನನ್ನನ್ನು ಕೇಳಿದ. ಮಾತು ಬಿಟ್ಟವರು ಎದುರಿಗೇ ಇದ್ದರೂ ಮೂರನೆಯವರ ಮೂಲಕ ಮಾತಾಡಬೇಕೆಂಬ ನಮ್ಮ ನಿಯಮ ಅಮೆರಿಕದಲ್ಲೂ ಊರ್ಜಿತದಲ್ಲಿದೆ.

"ಇಂದಕ್ಕ, ಅಕಿ ಯಾವಾಗಿನಿಂದ ಈ ಫೋನ್ ಹಿಡಿದಾಳ?"

"ನಾ ಬಂದ ದಿನದಿಂದ."

"ಹಂಗಾದ್ರ ನಂದು ಒಂದೂ ಮುಟ್ಟಿಲ್ಲನು?"

"ಏನು ಮುಟ್ಟಿಲ್ಲ?"

"ಮಿಸ್ಡ್ ಕಾಲ್," ಎಂದ. ದನಿ ಇಳಿದುಹೋಗಿತ್ತು. "ನೀ ಬಂದೀ ಅಂತ ಗೊತ್ತಾದ ಮ್ಯಾಲ ಧೈರ್ಯ ಬಂತು. ದಿನಾ ಆಫೀಸಿಗೆ ಹೋಗೂ ಮೊದಲ ಎರಡು ರಿಂಗ್ ಕೊಟ್ಟು ಕಟ್ ಮಾಡೀನಿ. ಇವತ್ತೂ ಕೊಟ್ಟೀನಿ. ಅಕಿ ನೋಡೂದು ನೋಡಿ ಸುಮ್ಮನ ಕುಂತಾಳ ಅನ್ಕೊಂಡೆ."

ಇದಕ್ಕೆ ಏನೆನ್ನಬೇಕು? ಫೋನು ಮಾಡಲು ಅಡ್ಡಿಯಿಲ್ಲ, ಕಾಲು ಪುಕ್ಕಟೆ. ಆದರೂ ಮನುಷ್ಯ ಕಾಲ್ ಮಾಡಲಿಲ್ಲ, ಮಿಸ್ಡ್ ಕಾಲ್ ಕೊಟ್ಟ. ಸೋತ ಹಾಗೂ ಆಗಬಾರದು, ಕರೆದ ಹಾಗೂ ಆಗಬೇಕು. ಬೆಲ್ವ್ಯೂದಲ್ಲಿ ಅವನು ದಿನಾ ಮಾಡುತ್ತಿದ್ದೇನೆ ಎಂದದ್ದು ಇದನ್ನು. ಇಂಥ ಉಪಾಯ ನಮ್ಮವರ ತಲೆಗೆ ಬಿಟ್ಟು ಇನ್ನಾರ ತಲೆಗೂ ಹೊಳೆಯದು. ನಗು ಬರಬೇಕಿತ್ತು. ಅವನ ಮುಖ ನೋಡಿ ಬರಲಿಲ್ಲ. ನನ್ನ ಉಡುಗೊರೆ ಅಷ್ಟೂ ದಿನ ಆ ತಮ್ಮನ ಬಾಯಿಗೆ ಕೈ ಅಡ್ಡ ಹಿಡಿದಿತ್ತು.

ಸುಲಭಾ ಮೇಜಿನ ಮೇಲೆ ಒಪ್ಪಿಸಲು ಇಟ್ಟಿದ್ದ ಒಡಕು ಫೋನನ್ನು ವಾಪಸು ಎತ್ತಿಕೊಂಡಳು. ನನ್ನ ಉಡುಗೊರೆಯಿಂದ ಸಿಮ್ಮು ಕಿತ್ತು ಅದಕ್ಕೆ ಹಾಕಿದಳು. 'ಮೇಡಂ, ಅದು ಎಕ್ಸ್‌ಚೇಂಜಿಗೆ...' ಎಂದು ಪ್ರಸನ್ನರು ಶುರು ಮಾಡಿದರು. ನಾನು ದುರುಗುಟ್ಟಿ ನೋಡಿದೆ, ನಿಲ್ಲಿಸಿದರು. ಫೋನು ಎಚ್ಚರಗೊಂಡಿತು.

"ಇಂದಕ್ಕ, ಅವಗ ಹೇಳು. ಈಗ ಕೊಡು ಅನ್ನು."

ಹೇಳುವ ಅಗತ್ಯ ಬೀಳಲಿಲ್ಲ. ಗಿರೀಶ ತನ್ನ ಫೋನು ಒತ್ತಿದ. ಒಡಕು ಫೋನು ಒಮ್ಮೆ ರಿಂಗಾಯಿತು. ಇನ್ನೊಮ್ಮೆ ರಿಂಗಾಯಿತು. ಕಟ್ಟಾಯಿತು.

ಸುಲಭಾ ಅದನ್ನು ನೋಡುತ್ತ ನಿಂತಳು. ಆಮೇಲೆ ಅದೇ ನಂಬರಿಗೆ ತಿರುಗಿ ಮಾಡಿ ಕಿವಿಗೆ ಹಿಡಿದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದ ತಮ್ಮನೂ ಫೋನು ಕಿವಿಗೆ ಹಿಡಿದ.

"ಹುಚ್ಚಿ ಕಲಿಸಿದ ಲೆಕ್ಕ," ಎಂದಳು ಫೋನಿನಲ್ಲಿ, "ಇನ್ನೂ ಹೆಂಗ ನೆನಪಿಟ್ಕೊಂಡೀ?"

ಗಿರೀಶನ ಕಣ್ಣು ತುಂಬಿತು. ಫೋನು ಕಿವಿಯಲ್ಲಿಟ್ಟುಕೊಂಡೇ ಬಾಗಿಲು ತಳ್ಳಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಇವಳೂ ಹೋದಳು. ಗಾಜಿನಾಚೆ ಪಾರ್ಕಿಂಗಿನಲ್ಲಿ ಅವನು ಒಂದು ಕಾರಿನ ಈಚೆ, ಇವಳು ಆಚೆ, ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಟೆಕ್ಸಾಸಿನವನು ವಿಡಿಯೊದಲ್ಲಿ, ಏನಾಯಿತು, ನೆಟ್‌ವರ್ಕ್ ಹೋಯಿತೇ ಎಂದು ಕೇಳುತ್ತಲೇ ಇದ್ದ. ಅಂಗಡಿಯ ಹುಡುಗಿ ಏನಾದರೂ ಸಮಸ್ಯೆಯೇ ಎಂದಳು. ಫ್ಯಾಮಿಲಿ ಎಂದೆ. ಅವಳಿಗೆ ಅಷ್ಟು ಸಾಕಾಯಿತು.

ಸುಲಭಾ ಮೂಗು ಒರೆಸಿಕೊಳ್ಳುತ್ತ ಒಳಗೆ ಬಂದಳು. "ಆ ಸಾಲು ತೆಗಸ್ತಾನಂತ. ವಕೀಲ್ರು ಹಂಗ ಬರದ್ರ ಗೆಲ್ತೀವಿ ಅಂದ್ರಂತ. ಆದ್ರ ಓದಿ ಸಹಿ ಹಾಕಿದಾಂವ ನಾನ, ಅಂದ."

"ಮತ್ತ ಕೇಸು?"

"ಕೇಸ್ ನಡೀಲಿ ಅಂದ."

ಆ ಸಾಲು ಹೋದರೆ ಮೃತ್ಯುಪತ್ರವನ್ನು ಪ್ರಶ್ನಿಸಲು ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಉಳಿದ ದಾವೆ ಕಾಲು ಮುರಿದ ಕುರ್ಚಿ. ಅದು ಅವನಿಗೂ ಗೊತ್ತಿತ್ತು. ಕೇಸು ಹಿಂದೆಗೆದುಕೊಂಡೆ ಎಂದು ಬಾಯಲ್ಲಿ ಹೇಳಲಾರ, ಅಷ್ಟೆ. ಅದಕ್ಕೂ ಎರಡು ರಿಂಗ್ ಕೊಟ್ಟು ಕಟ್ ಮಾಡಿದ.

ಆಮೇಲೆ ಇಬ್ಬರೂ ಪುಕ್ಕಟೆ ಫೋನು ತೆಗೆದುಕೊಂಡರು. ಬೀಗ ಹಾಕಿದ ಫೋನುಗಳು, ಮೂರು ವರ್ಷ ಆ ಕಂಪನಿ ಬಿಟ್ಟು ಕದಲುವಂತಿಲ್ಲ. ಒಂದೇ ಕುಟುಂಬವಾಗಿ ಇರುತ್ತೇವೆ ಎಂಬ ಕರಾರಿನ ಕೆಳಗೆ ಪ್ರಸನ್ನರು ಯಜಮಾನರ ಸಹಿ ಹಾಕಿದರು. ಬೀಗವಿಲ್ಲದ ನನ್ನ ಎರಡು ಫೋನುಗಳು ನನ್ನ ಚೀಲ ಸೇರಿದವು.

ಮರಳಿ ಹುಬ್ಬಳ್ಳಿ

ವಿಮಾನ ನಿಲ್ದಾಣಕ್ಕೆ ಬಿಡಲು ಬರುವಾಗ ದಾರಿಯುದ್ದಕ್ಕೂ ಸುಲಭಾ ಹವಾಮಾನದ ಬಗ್ಗೆ ಮಾತಾಡಿದಳು. ಆ ಊರಿನಲ್ಲಿ ಮನಸ್ಸಿನಲ್ಲಿ ಬೇರೆ ಏನೋ ಇದ್ದರೆ ಎಲ್ಲರೂ ಮಳೆಯ ಬಗ್ಗೆಯೇ ಮಾತಾಡುತ್ತಾರೆ. ಸಾಮಾನು ಇಳಿಸುವಾಗ ಕೇಳಿದಳು.

"ಇಂದಕ್ಕ, ಪ್ಲಾಟ್ ಇಬ್ಬರ ಹೆಸರಿಗೆ ಮಾಡಿಸ್ಬೇಕಾದ್ರ ಏನೇನ್ ಬೇಕಾಗ್ತದ?"

"ಇಬ್ಬರ ಸಹಿ ಬೇಕಾಗ್ತದ. ಅವಗ ಹೇಳೀಯೇನು?"

"ನಾ ಯಾಕ ಹೇಳ್ಲಿ? ಈ ಸಲ ತಾನ ಪೂರ್ತಿ ಕಾಲ್ ಮಾಡಿ ಕೇಳ್ಲಿ. ನೀನೂ ಹೇಳಬ್ಯಾಡ, ಆಣಿ ಅದ."

ಹಳದಿ ಜಾಕೀಟಿನವನು ಸೀಟಿ ಊದಿದ, ಅವಳು ಹೊರಟಳು.

ಹುಬ್ಬಳ್ಳಿಯಲ್ಲಿ ಇಳಿದು ನಮ್ಮೂರ ಸಿಮ್ಮು ಹಾಕಿದ ಕ್ಷಣಕ್ಕೆ ಮೂಕ ಫೋನು ಮಾತು ಕಲಿಯಿತು. ಆಟೋದವನು, ಹಾಲಿನವನು, ಕ್ರೆಡಿಟ್ ಕಾರ್ಡಿನವನು, ಎಲ್ಲರೂ ಕಾಲ್ ಮಾಡಿದರು, ಯಾರೂ ಅನುಮತಿ ಕೇಳಲಿಲ್ಲ. ಮೊಬೈಲ್ ಅಂಗಡಿಯ ಮುಂದೆ ಹಾದು ಬರುವಾಗ ಅವನು ಒಳಗಿನಿಂದಲೇ, "ಅಕ್ಕಾರ, ಫೋನ್ ಹೆಂಗ ನಡೀತ್ರಿ ಅಮೆರಿಕಾದಾಗ?" ಎಂದು ಕೂಗಿದ. "ಚಂದ್ರನ ಮ್ಯಾಲ ನಡೀಬಹುದಪ್ಪ," ಎಂದೆ.

ಮನೆ ಮುಟ್ಟಿ, ಕಾಲು ತೊಳೆದು, ಚಿಕ್ಕಮ್ಮನ ಲೆಕ್ಕದಂತೆ ಸುಲಭಾಳಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡಿದೆ.

ಗಿರೀಶನಿಗೆ ಹೇಳುವುದಿಲ್ಲ ಎಂದು ಆಣೆಯಾಗಿತ್ತು. ಕರೆಯುವುದಿಲ್ಲ ಎಂದೇನೂ ಆಣೆಯಾಗಿರಲಿಲ್ಲ. ಅವನ ನಂಬರಿಗೆ ಎರಡು ರಿಂಗ್ ಕೊಟ್ಟೆ.

ಚಹಾಕ್ಕೆ ನೀರಿಡುವುದರೊಳಗೆ ಫೋನು ರಿಂಗಾಗತೊಡಗಿತು. ಈ ಸಲ ಅದು ಎರಡಕ್ಕೆ ನಿಲ್ಲಲಿಲ್ಲ.

"ಹೇಳು ಇಂದಕ್ಕ," ಎಂದ ಗಿರೀಶ.

"ನನಗಲ್ಲೋ," ಎಂದೆ. "ಹಿಂಗ ಪೂರ್ತಿ ಕಾಲ್ ಮಾಡು, ನಿಮ್ಮ ಅಕ್ಕಗ."